ಪಿತೃಋಣವೂ ಪುತ್ರಋಣವೂ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತುಕೊಂಡು ಬರುತ್ತಾನೆಂಬುದು ವೈದಿಕರ ಪ್ರಾಚೀನವಾದ ನಂಬುಗೆ. ಬ್ರಹ್ಮಚರ್ಯದಿಂದ ಋಷಿಗಳ ಋಣವೂ, ಯಜ್ಞದಿಂದ ದೇವತೆಗಳ ಋಣವೂ, ಸಂತಾನದಿಂದ ಪಿತೃಗಳ ಋಣವೂ ತೀರುವುದೆಂದು ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಈ ಲೆಕ್ಕದ ಪುಸ್ತಕದಲ್ಲಿ ಮಗನು ಯಾವಾಗಲೂ ಸಾಲಗಾರನು. ತಂದೆಯು ಸಾಲ ಕೊಟ್ಟವನು. ಮಗನನ್ನು ಸಾಕಿ, ಅಕ್ಷರ ಕಲಿಸಿ, ಒಂದು ವೃತ್ತಿಗೆ ಹಚ್ಚಿ, ಮದುವೆ ಮಾಡಿಸಿದಲ್ಲಿಗೆ ತಂದೆಯ ಕರ್ತವ್ಯವು ಮುಗಿಯಿತೆಂದೂ, ಅಲ್ಲಿಂದ ಮುಂದೆ ವಸೂಲಿಯ ಕಾಲವೆಂದೂ ಲೋಕವು ಎಣಿಸುತ್ತದೆ. ಆದರೆ ತಾನು ಕಂಡು ಕೈಗೂಡದೆ ಹೋದ ಕನಸನ್ನು ಮಗನ ಹೆಗಲಿಗೆ ಏರಿಸುವ ಅಧಿಕಾರವು ತಂದೆಗೆ ಉಂಟೆ? ಏರಿಸಿದ ಮೇಲೆ ಮಗನಿಗಾದ ನಷ್ಟವನ್ನು ತುಂಬಿಕೊಡುವವರು ಯಾರು? ಈ ಪ್ರಶ್ನೆಗಳನ್ನು ಧರ್ಮಶಾಸ್ತ್ರಕ್ಕಿಂತಲೂ ಹೆಚ್ಚು ನಿರ್ಭಯವಾಗಿ ಕೇಳಿದುದು ನಾಟಕವೇ.

ಅದಕ್ಕೆ ಕಾರಣವು ಸ್ಪಷ್ಟವಾಗಿದೆ. ಪುರಾಣದಲ್ಲಿ ಸೂತನು ಎಲ್ಲರ ಪರವಾಗಿಯೂ ತಾನೇ ಮಾತನಾಡುತ್ತಾನೆ. ಮಗನು ತಂದೆಯ ಮಾತಿಗೆ ಒಪ್ಪಿದನೆಂದು ಅವನು ಹೇಳಿದೊಡನೆ ಕಥೆಯು ಮುಂದಕ್ಕೆ ಸಾಗುತ್ತದೆ. ರಂಗದ ಮೇಲೆ ಹಾಗಾಗದು. ಅಲ್ಲಿ ಒಪ್ಪುವವನು ತನ್ನ ಬಾಯಿಂದಲೇ ಒಪ್ಪಬೇಕು. ಒಪ್ಪುವಾಗ ಅವನ ಮುಖವು ಹೇಗಿತ್ತೆಂಬುದನ್ನು ನೂರಾರು ಕಣ್ಣುಗಳು ನೋಡುತ್ತಿರುತ್ತವೆ. ಕೃಷ್ಣಾತೀರದ ತಿಂಥಣಿ, ಸುರಪುರ, ಶಹಾಪುರಗಳ ಸುತ್ತಣ ಹಳ್ಳಿಗಳಲ್ಲಿ ದೊಡ್ಡಾಟವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಮುಪ್ಪಿನ ತಂದೆಯೂ ಪ್ರಾಯದ ಮಗನೂ ಒಂದೇ ಕಂಬಳಿಯ ಮೇಲೆ ಕುಳಿತು ಆಟವನ್ನು ನೋಡುತ್ತಾರೆ. ವೇಷಧಾರಿಯ ಒಂದೇ ಮಾತಿಗೆ ಒಬ್ಬನು ತಲೆದೂಗಿದರೆ ಇನ್ನೊಬ್ಬನು ತಲೆ ತಗ್ಗಿಸುತ್ತಾನೆ.

ತಂದೆ ಮಕ್ಕಳ ವಿಷಮಸಂಬಂಧಕ್ಕೆ ಆದಿಪರ್ವದ ಯಯಾತಿಯ ಉಪಾಖ್ಯಾನವೇ ಮೂಲಕಥೆಯೆನ್ನಬಹುದು. ಶುಕ್ರಾಚಾರ್ಯನ ಶಾಪದಿಂದ ಅಕಾಲದಲ್ಲಿ ಮುದುಕನಾದ ಯಯಾತಿಯು ತನ್ನ ಐವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಅವರ ಯೌವನವನ್ನು ಬೇಡುತ್ತಾನೆ. ಯದು, ತುರ್ವಸು, ದ್ರುಹ್ಯು, ಅನು ಎಂಬ ನಾಲ್ವರು ಒಲ್ಲೆನೆಂದು ಶಾಪಕ್ಕೆ ಗುರಿಯಾಗುತ್ತಾರೆ. ಕಿರಿಯವನಾದ ಪೂರುವು ಒಪ್ಪುತ್ತಾನೆ. ಸಾವಿರ ವರ್ಷ ಭೋಗಿಸಿದ ಮೇಲೆ, ಭೋಗದಿಂದ ಆಶೆಯು ತಣಿಯದೆಂಬುದನ್ನು ತಂದೆಯು ಅರಿತು, ಯೌವನವನ್ನು ಹಿಂದಿರುಗಿಸಿ, ಪೂರುವಿಗೆ ಪಟ್ಟವನ್ನು ಕಟ್ಟುತ್ತಾನೆ. ಇಲ್ಲಿ ಜ್ಞಾನವಾದುದು ತಂದೆಗೆ. ಬೆಲೆ ತೆತ್ತವನು ಮಗ. ಆ ಸಾವಿರ ವರ್ಷ ಪೂರುವಿನ ಮನಸ್ಸಿನಲ್ಲಿ ಏನು ನಡೆಯಿತೆಂಬುದರ ಕಡೆಗೆ ಕಥೆಯು ತಿರುಗುವುದಿಲ್ಲ. ಅವನನ್ನು ಪಿತೃಭಕ್ತರಿಗೆ ಮೇಲ್ಪಂಕ್ತಿಯೆಂದು ಹೊಗಳಿ ಗ್ರಂಥವು ಮುಂದಕ್ಕೆ ನಡೆಯುತ್ತದೆ.

ಮಗನು ಬಾಯಿ ತೆರೆದ ಪ್ರಸಂಗವು ವೇದವಾಙ್ಮಯದಲ್ಲಿ ಇಲ್ಲದೆ ಇಲ್ಲ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯನ್ನು ವಾಚಕರು ಬಲ್ಲರು. ಹಸಿವಿನಿಂದ ಕಂಗೆಟ್ಟ ಅಜೀಗರ್ತನು ಹಿರಿಯ ಮಗನನ್ನು ತಾನು ಬಿಡಲಾರದೆ, ಕಿರಿಯವನನ್ನು ತಾಯಿಯು ಬಿಡಲಾರದೆ, ನಡುವಣ ಮಗನನ್ನು ನೂರು ಹಸುಗಳಿಗೆ ಮಾರಿದನು. ಯೂಪಕ್ಕೆ ಕಟ್ಟಲು ಮತ್ತೆ ನೂರು, ಕತ್ತಿಯೆತ್ತಲು ಮತ್ತೆ ನೂರು ಹಸುಗಳನ್ನು ತೆಗೆದುಕೊಂಡನು. ದೇವತೆಗಳ ಅನುಗ್ರಹದಿಂದ ಬದುಕಿಕೊಂಡ ಶುನಃಶೇಪನು, ಬಳಿಕ ತಂದೆಯು ಬಾ ಎಂದು ಕರೆದಾಗ ಹೋಗಲಿಲ್ಲ. ವಿಶ್ವಾಮಿತ್ರನ ಮಗನಾಗಿ ದೇವರಾತನೆಂಬ ಹೆಸರನ್ನು ಪಡೆದನು. ಪಿತೃಋಣವನ್ನು ಸಾರಿದ ವಾಙ್ಮಯವೇ ಆ ಋಣವನ್ನು ಹರಿದುಕೊಂಡು ಹೊರಟ ಮಗನ ಕಥೆಯನ್ನೂ ಕಾಪಾಡಿಕೊಂಡು ಬಂದಿರುವುದು ಮನನೀಯವಾದ ಸಂಗತಿ.

ಈ ನಡುವಣ ಮಗನೇ ಮುಂದೆ ಸಂಸ್ಕೃತ ರಂಗಭೂಮಿಗೆ ಬಂದನು. ೧೯೧೨ರಿಂದ ಮೊದಲ್ಗೊಂಡು ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ಪ್ರಕಟಿಸಿದ, ಭಾಸಕೃತವೆಂದು ಪ್ರಸಿದ್ಧವಾದ ಹದಿಮೂರು ನಾಟಕಗಳಲ್ಲಿ ಮಧ್ಯಮವ್ಯಾಯೋಗವು ಒಂದು. ಅಲ್ಲಿಯೂ ಒಬ್ಬ ಬ್ರಾಹ್ಮಣನಿಗೆ ಮೂವರು ಮಕ್ಕಳು. ಘಟೋತ್ಕಚನು ತನ್ನ ತಾಯಿಗಾಗಿ ಒಬ್ಬನನ್ನು ಕೇಳಿದಾಗ ಹಿರಿಯನನ್ನು ತಂದೆಯು ಅಪ್ಪಿಕೊಳ್ಳುತ್ತಾನೆ, ಕಿರಿಯನನ್ನು ತಾಯಿಯು ತಬ್ಬಿಕೊಳ್ಳುತ್ತಾಳೆ. ಯಾರಿಗೂ ಬೇಡವಾದ ಮಧ್ಯಮನು ತಾನೇ ಹೊರಡುತ್ತಾನೆ. ನೀರು ಕುಡಿಯಲು ಹೋಗಿ ತಡಮಾಡಿದ ಅವನನ್ನು ಘಟೋತ್ಕಚನು "ಮಧ್ಯಮ" ಎಂದು ಕೂಗಲು, ಪಾಂಡವರಲ್ಲಿ ಮಧ್ಯಮನೆನಿಸಿದ ಭೀಮನೇ ಅಲ್ಲಿಗೆ ಬರುತ್ತಾನೆ. ಗುರುತಿಲ್ಲದ ತಂದೆಗೂ ಮಗನಿಗೂ ಕಾಳಗವಾಗಿ, ಹಿಡಿಂಬೆಯಿಂದ ಗುರುತು ಸಿಕ್ಕಿದ ಮೇಲೆ ಎಲ್ಲವೂ ಸುಖಾಂತವಾಗುತ್ತದೆ. ಶಾಕುಂತಲದ ಸರ್ವದಮನನೂ, ಉತ್ತರರಾಮಚರಿತದ ಕುಶಲವರೂ ಇದೇ ದಾರಿಯಲ್ಲಿ ತಂದೆಯನ್ನು ಸೇರುತ್ತಾರೆ. ಸಂಸ್ಕೃತ ನಾಟಕಕಾರರ ದೃಷ್ಟಿಯಲ್ಲಿ ತಂದೆ ಮಕ್ಕಳ ವಿರಸಕ್ಕೆ ಮುಖ್ಯವಾದ ಕಾರಣವು ಅಪರಿಚಯ. ಪರಿಚಯವಾದೊಡನೆ ವಿರಸವು ಕರಗಬೇಕು. ನಿರ್ವಹಣ ಸಂಧಿಯ ಕೆಲಸವೇ ಅದು.

ಊರುಭಂಗವೊಂದು ಮಾತ್ರ ಈ ಕಟ್ಟನ್ನು ಮೀರಿ ನಿಂತಿದೆ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಬಾಲಕನಾದ ದುರ್ಜಯನು ಬಂದು ಎಂದಿನಂತೆ ತೊಡೆಯೇರಲು ಹೋಗುತ್ತಾನೆ. ತಂದೆಯು ಅವನನ್ನು ತಡೆಯಬೇಕಾಗುತ್ತದೆ. ಕುರುಡನಾದ ಧೃತರಾಷ್ಟ್ರನು ಮಗನನ್ನು ರಾಜನನ್ನಾಗಿ ಕಾಣಬೇಕೆಂದು ಪಟ್ಟ ಆಶೆಯು ಎಲ್ಲಿಗೆ ಬಂದು ನಿಂತಿತೆಂಬುದು ಮೂರು ತಲೆಮಾರುಗಳನ್ನು ಒಂದೇ ರಂಗದಲ್ಲಿ ಕಂಡಾಗ ತಿಳಿಯುತ್ತದೆ. ಅಜ್ಜನ ಕನಸಿಗಾಗಿ ಮಗನ ತೊಡೆ ಮುರಿಯಿತು. ಮೊಮ್ಮಗನಿಗೆ ಕುಳಿತುಕೊಳ್ಳಲು ತಾಣವಿಲ್ಲದಾಯಿತು.

ಕನ್ನಡದ ಹೊಸ ನಾಟಕವು ಈ ಪ್ರಶ್ನೆಯನ್ನು ಅರಮನೆಯಿಂದ ಸಾಮಾನ್ಯ ಗೃಹಸ್ಥನ ಪಡಸಾಲೆಗೆ ತಂದಿತು. ಆ ಕೆಲಸದಲ್ಲಿ ಟಿ. ಪಿ. ಕೈಲಾಸಂ ಅವರ ಟೊಳ್ಳುಗಟ್ಟಿಗೆ ಹಿರಿಯ ಸ್ಥಾನವಿದೆ. ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತ ಬರುವ ಒಬ್ಬ ಮಗ, ತೇರ್ಗಡೆಯಾಗದ ಇನ್ನೊಬ್ಬ ಮಗ; ಮೊದಲನೆಯವನಲ್ಲಿ ತಂದೆಗೆ ಎಲ್ಲಿಲ್ಲದ ಹೆಮ್ಮೆ, ಎರಡನೆಯವನಲ್ಲಿ ತಿರಸ್ಕಾರ. ಮನೆಗೆ ಆಪತ್ತು ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಹೆಸರಾಂತ ನ್ಯಾಯಾಧೀಶರಾದ ಪರಮಶಿವ ಅಯ್ಯರವರ ಮಗನಾಗಿ ಹುಟ್ಟಿ, ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರವನ್ನು ಓದಿ ಬಂದು, ಸರ್ಕಾರದ ನೌಕರಿಗೆ ಸೇರಿ, ಅದನ್ನು ಕೆಲವೇ ವರ್ಷಗಳಲ್ಲಿ ಬಿಟ್ಟು ನಾಟಕವನ್ನು ಹಿಡಿದವರು ಈ ಕೈಲಾಸಂ. ಪರಮಶಿವ ಅಯ್ಯರವರಿಗೂ ಭೂಗರ್ಭಶಾಸ್ತ್ರದಲ್ಲಿ ಆಳವಾದ ಆಸಕ್ತಿಯಿದ್ದಿತು. ಋಗ್ವೇದವನ್ನು ಆ ಶಾಸ್ತ್ರದ ಬೆಳಕಿನಲ್ಲಿ ವ್ಯಾಖ್ಯಾನಿಸಿ ಅವರು ಬರೆದ ಇಂಗ್ಲಿಷ್ ಗ್ರಂಥವು ೧೯೧೧ರಲ್ಲಿ ಪ್ರಕಟವಾಯಿತು. ತಂದೆಗೆ ಪ್ರಿಯವಾದ ವಿದ್ಯೆಯನ್ನು ಮಗನು ಕಲಿತನು. ಆದರೆ ಅದರಲ್ಲಿ ನಿಲ್ಲಲಿಲ್ಲ. ಅಂಥವರ ಲೇಖನಿಯಿಂದ ಪರೀಕ್ಷೆಯೇ ಸರ್ವಸ್ವವೆಂದು ನಂಬಿದ ತಂದೆಯ ಚಿತ್ರವು ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ೧೯೪೫ರಲ್ಲಿ ಮದ್ರಾಸಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಮರುವರ್ಷವೇ ಅವರು ತೀರಿಕೊಂಡರು.

ಪೂರುವಿಗೆ ಮಾತು ಬಂದುದು ೧೯೬೧ರಲ್ಲಿ. ಧಾರವಾಡದ ಮನೋಹರ ಗ್ರಂಥಮಾಲೆಯವರು ಆ ವರ್ಷ ಗಿರೀಶ ಕಾರ್ನಾಡರ ಯಯಾತಿ ನಾಟಕವನ್ನು ಪ್ರಕಟಿಸಿದರು. ವಿದ್ಯಾರ್ಥಿವೇತನವನ್ನು ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದ ತರುಣರಾದ ಕಾರ್ನಾಡರ ಮನೆಯಲ್ಲಿ, ಮಗನು ದೂರದೇಶಕ್ಕೆ ಹೋಗಿ ಅಲ್ಲಿಯೇ ನಿಂತುಬಿಟ್ಟಾನೆಂಬ ಭಯವಿದ್ದಿತು. ಮಕ್ಕಳ ಮುಂದಿನ ಬಾಳನ್ನೇ ಹಿರಿಯರು ಬೇಡುತ್ತಿರುವರೆಂಬ ಅಸಮಾಧಾನವು ತನ್ನನ್ನು ಆ ಹಳೆಯ ಕಥೆಯ ಕಡೆಗೆ ಸೆಳೆಯಿತೆಂದು ಅವರೇ ಮುಂದೆ ಬರೆದಿದ್ದಾರೆ. ಅವರ ನಾಟಕದ ಪೂರುವು ಕುಲದ ಕೀರ್ತಿಯ ಭಾರದಡಿಯಲ್ಲಿ ಕುಗ್ಗಿದ ತರುಣ. ತಂದೆಯ ಮುಪ್ಪನ್ನು ಅವನು ಹೊರುತ್ತಾನೆ. ಆದರೆ ನಾಟಕಕಾರರು ಅಲ್ಲಿಗೆ ನಿಲ್ಲದೆ, ಮೂಲದಲ್ಲಿಲ್ಲದ ಒಂದು ಪಾತ್ರವನ್ನು ತಂದಿದ್ದಾರೆ. ಅವಳು ಪೂರುವಿನ ನವವಧುವಾದ ಚಿತ್ರಲೇಖೆ. ಕೈಹಿಡಿದ ಗಂಡನು ಕ್ಷಣಮಾತ್ರದಲ್ಲಿ ಮುದುಕನಾಗಿ ನಿಂತಾಗ, ಆ ಯೌವನವನ್ನು ಪಡೆದ ಮಾವನನ್ನೇ ಅವಳು ಪ್ರಶ್ನಿಸುತ್ತಾಳೆ. ಕಡೆಗೆ ವಿಷವನ್ನು ಕುಡಿದು ಸಾಯುತ್ತಾಳೆ. ಆಗ ಯಯಾತಿಯ ಕಣ್ಣು ತೆರೆಯುತ್ತದೆ. ಸಾವಿರ ವರ್ಷದ ಭೋಗವು ಕಲಿಸಿದ ಪಾಠವನ್ನು ಇಲ್ಲಿ ಒಂದು ಹೆಣವು ಕಲಿಸುತ್ತದೆ. ತಂದೆಗಾಗಿ ಮಗನು ಮಾಡುವ ತ್ಯಾಗವು ಮಗನೊಬ್ಬನಿಂದಲೇ ತೀರುವಂಥದಲ್ಲ; ಮನೆಗೆ ಬಂದ ಹೆಣ್ಣುಮಗಳೂ ಆ ಸಾಲಕ್ಕೆ ಒತ್ತೆಯಾಗುತ್ತಾಳೆಂಬುದನ್ನು ಈ ನಾಟಕವು ತೋರಿಸಿದಷ್ಟು ಸ್ಪಷ್ಟವಾಗಿ ಹಿಂದಿನ ಯಾವ ಯಯಾತಿಯ ಕಥೆಯೂ ತೋರಿಸಿರಲಾರದು.

ಸುರಪುರಕ್ಕೆ ಬಹಳ ದೂರವಲ್ಲದ ಕಲ್ಯಾಣದ ಚರಿತ್ರೆಯಲ್ಲಿಯೂ ಇಂಥದೊಂದು ಪ್ರಕರಣವಿದೆ. ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಒಡೆಯನ ಸಿಂಹಾಸನವನ್ನೇ ವಶಮಾಡಿಕೊಂಡನು. ಅವನ ಅನಂತರ ಮಗನಾದ ಸೋವಿದೇವನೂ, ಅವನ ಬಳಿಕ ಇತರ ಮಕ್ಕಳೂ ಆಳಿದರು; ೧೧೮೪ರ ಹೊತ್ತಿಗೆ ರಾಜ್ಯವು ಮತ್ತೆ ಚಾಲುಕ್ಯರ ಕೈಸೇರಿತು. ತಂದೆಯು ಒಂದು ಜೀವಮಾನದಲ್ಲಿ ಗಳಿಸಿದುದನ್ನು ಮಕ್ಕಳಿಗೆ ಒಂದು ತಲೆಮಾರಿನ ಕಾಲವೂ ಉಳಿಸಿಕೊಳ್ಳಲಾಗಲಿಲ್ಲ. ಕಾರ್ನಾಡರ ತಲೆದಂಡದಲ್ಲಿ ಈ ತಂದೆಮಕ್ಕಳು ಎದುರುಬದುರಾಗಿ ನಿಲ್ಲುತ್ತಾರೆ. ಸ್ವಪ್ರಯತ್ನದಿಂದ ಮೇಲೆ ಬಂದ ಬಿಜ್ಜಳನಿಗೆ ಅರಮನೆಯಲ್ಲಿಯೇ ಹುಟ್ಟಿಬೆಳೆದ ಮಗನ ಮೇಲೆ ತಾತ್ಸಾರ. ಬಸವಣ್ಣನಲ್ಲಿ ಅವನಿಗಿರುವ ಗೌರವದಲ್ಲಿ ಎಳ್ಳಷ್ಟೂ ಸೋವಿದೇವನಿಗೆ ದೊರೆಯುವುದಿಲ್ಲ. ಆ ತಾತ್ಸಾರವನ್ನು ಉಂಡು ಬೆಳೆದ ಮಗನು ಕಡೆಗೆ ತಂದೆಯನ್ನೇ ಸೆರೆಯಲ್ಲಿರಿಸುತ್ತಾನೆ. ಕಲ್ಯಾಣದ ಕ್ರಾಂತಿಯ ಮಹಾಕಥೆಯ ಒಳಗೆ ಈ ಸಣ್ಣ ಮನೆಯ ಕಥೆಯೂ ಸೇರಿಕೊಂಡಿರುವುದನ್ನು ವಾಚಕರು ಗಮನಿಸಬೇಕು. ತಂದೆಯು ಸಿಂಹಾಸನವನ್ನು ಕೊಟ್ಟನೇ ಹೊರತು ಅದಕ್ಕೆ ನೀನು ಅರ್ಹನೆಂಬ ಒಂದು ಮಾತನ್ನು ಕೊಡಲಿಲ್ಲ.

ಇಷ್ಟರವರೆಗೆ ಹೇಳಿದುದು ಕವಿಗಳು ಕಟ್ಟಿದ ರಂಗದ ಮಾತಾಯಿತು. ಕವಿಯ ನೆರವಿಲ್ಲದೆಯೇ ನಾಟಕದಂತೆ ನಡೆದುಹೋದ ಪ್ರಕರಣವೊಂದು ಸುರಪುರದ ಗುಡ್ಡದ ಮೇಲೆಯೇ ಇದೆ. ಅಲ್ಲಿ ರಕ್ತಸಂಬಂಧವಿರಲಿಲ್ಲ, ಆದರೂ ಮಗನು ತಂದೆಯನ್ನು ಕರೆದ ಹೆಸರು ಅಚ್ಚಕನ್ನಡದ "ಅಪ್ಪಾ" ಎಂಬುದೇ.

ಸುರಪುರದ ನಾಯಕ ಅರಸರಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಅವನ ಮಗನಾದ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕ. ತಾಯಿ ರಾಣಿ ಈಶ್ವರಮ್ಮನಿಗೂ ದಾಯಾದಿಗಳಿಗೂ ಅಧಿಕಾರದ ವಿಷಯದಲ್ಲಿ ಕಲಹವಿದ್ದಿತು; ಸಂಸ್ಥಾನವು ಸಾಲದಲ್ಲಿ ಮುಳುಗಿದ್ದಿತು. ಆ ಸಂದರ್ಭದಲ್ಲಿ ಹೈದರಾಬಾದಿನ ರೆಸಿಡೆಂಟನಿಂದ ನಿಯೋಜಿತನಾಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ವಿಷಯವಾಗಿ ಅವನು ೧೮೩೯ರಲ್ಲಿ ಪ್ರಕಟಿಸಿದ ಕಾದಂಬರಿಯು ಆ ವೇಳೆಗೆ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದಿತು. ೧೮೪೨ರ ಸುಮಾರಿನಿಂದ ೧೮೫೩ರವರೆಗೆ ಅವನು ಸುರಪುರದ ಆಡಳಿತವನ್ನು ನೋಡಿಕೊಂಡು, ಕಂದಾಯವನ್ನು ಸರಿಪಡಿಸಿ, ಕೆರೆಗಳ ಕೆಲಸವನ್ನು ಮಾಡಿಸಿ, ಗುಡ್ಡದ ಮೇಲೆ ಮನೆಯನ್ನು ಕಟ್ಟಿಸಿಕೊಂಡನು. ಟೇಲರ್ ಮಂಜಿಲ್ ಎಂಬ ಹೆಸರಿನ ಆ ಕಟ್ಟಡವನ್ನು ಸುರಪುರಕ್ಕೆ ಹೋದವರು ನೋಡಿಯೇ ಇರುತ್ತಾರೆ. ಬಾಲರಾಜನ ವಿದ್ಯಾಭ್ಯಾಸವೂ ಅವನ ಹೊಣೆಯಾಗಿದ್ದಿತು. ತಂದೆಯಿಲ್ಲದ ಹುಡುಗನು ಈ ಪರದೇಶದವನನ್ನು ಅಪ್ಪನೆಂದು ಕರೆದನು. ಟೇಲರನು ಅವನಲ್ಲಿ ಒಂದು ಕನಸನ್ನು ಕಂಡನು: ಮಿತವ್ಯಯಿಯೂ, ಕಂಪನಿ ಸರ್ಕಾರಕ್ಕೆ ವಿಧೇಯನೂ, ಪ್ರಜೆಗಳಿಗೆ ಹಿತನೂ ಆದ ಒಬ್ಬ ಮಾದರಿ ಅರಸನ ಕನಸು. ಆ ಕನಸಿನಲ್ಲಿ ಒಳ್ಳೆಯತನವಿರಲಿಲ್ಲವೆಂದು ಹೇಳಲಾಗದು. ಆದರೆ ಅದು ಟೇಲರನ ಕನಸು.

೧೮೫೩ರಲ್ಲಿ ರಾಜ್ಯವು ವೆಂಕಟಪ್ಪ ನಾಯಕನ ಕೈಗೆ ಬಂದಿತು. ಟೇಲರನು ಬೇರೆ ಕೆಲಸದ ಮೇಲೆ ನಳದುರ್ಗಕ್ಕೆ ಹೋದನು. ಉತ್ತರದಲ್ಲಿ ೧೮೫೭ರ ದಂಗೆಯೆದ್ದ ಮೇಲೆ, ದಕ್ಷಿಣದಲ್ಲಿಯೂ ಬಂಡಾಯದ ಒಳಸಂಚುಗಳು ನಡೆದುವು. ೧೮೫೮ರ ಫೆಬ್ರವರಿಯಲ್ಲಿ ಸುರಪುರದ ಬೇಡರ ಪಡೆಗೂ ಇಂಗ್ಲಿಷರ ಸೈನ್ಯಕ್ಕೂ ಕಾದಾಟವಾಗಿ, ಕ್ಯಾಪ್ಟನ್ ನ್ಯೂಬರಿಯು ಮಡಿದನು. ವೆಂಕಟಪ್ಪ ನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು.

ಮುಂದಿನ ದೃಶ್ಯವು ಸಿಕಂದರಾಬಾದಿನ ಸೆರೆಮನೆಯಲ್ಲಿ. ರೆಸಿಡೆಂಟನ ಅಪೇಕ್ಷೆಯಂತೆ ಟೇಲರನು ತರುಣನನ್ನು ನೋಡಲು ಹೋದನು. ಅಪ್ಪಾ ಎಂದು ಅವನು ಬಳಿಗೆ ಬಂದನೆಂದೂ, ಪ್ರೇರೇಪಿಸಿದವರ ಹೆಸರುಗಳನ್ನು ಹೇಳಿದರೆ ಒಳಿತಾಗುವುದೆಂಬ ಸೂಚನೆಗೆ ಅವನು ಸುತರಾಂ ಒಪ್ಪಲಿಲ್ಲವೆಂದೂ ಟೇಲರನೇ ಬರೆದಿದ್ದಾನೆ. ಪ್ರಾಣಭಿಕ್ಷೆಗಾಗಿ ಇತರರನ್ನು ಹಿಡಿದುಕೊಡಲಾರೆನೆಂದೂ, ಸಾಯಬೇಕಾದರೆ ಕಳ್ಳನಂತೆ ನೇಣಿಗೇರದೆ ಫಿರಂಗಿಯ ಬಾಯಿಗೆ ಎದೆಯೊಡ್ಡಿ ಸಾಯುವೆನೆಂದೂ ಅವನು ಹೇಳಿದನಂತೆ. ಅಪ್ಪನಿಂದ ಮಗನು ಪ್ರೀತಿಯನ್ನು ಬಯಸಿದನು, ಉಪದೇಶವನ್ನು ಒಲ್ಲೆನೆಂದನು. ಮರಣದಂಡನೆಯು ಇಳಿದು ಇಳಿದು, ಕಡೆಗೆ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸವೆಂದು ನಿರ್ಣಯವಾಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ೧೮೫೮ರ ಮೇ ತಿಂಗಳಿನಲ್ಲಿ, ವೆಂಕಟಪ್ಪ ನಾಯಕನು ಗುಂಡಿನಿಂದ ಸತ್ತನು. ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಟೇಲರನ ಹೇಳಿಕೆ. ಇಂಗ್ಲಿಷರೇ ಕೊಂದರೆಂಬ ಮಾತೂ ಸುರಪುರದ ಸೀಮೆಯಲ್ಲಿ ಉಳಿದು ಬಂದಿದೆ. ಅವನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಜಾತಕದಲ್ಲಿದ್ದುದನ್ನು ರಾಣಿ ಈಶ್ವರಮ್ಮನು ಬಹಳ ಹಿಂದೆಯೇ ಟೇಲರನಿಗೆ ತಿಳಿಸಿದ್ದಳು. ನಂಬದೆ ನಕ್ಕಿದ್ದ ಆ ಮಾತು ದಿಟವಾದುದನ್ನು ಅವನು ಮರೆಯಲಾರದೆ ಹೋದನು. ೧೮೬೦ರ ಒಪ್ಪಂದದಂತೆ ಸುರಪುರವು ನಿಜಾಮನಿಗೆ ಸೇರಿತು.

ಈ ಕಥೆಯಲ್ಲಿ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ಟೇಲರನ ಆತ್ಮಕಥೆಯು, ಅವನು ಸತ್ತ ಮರುವರ್ಷ, ೧೮೭೭ರಲ್ಲಿ ಅವನ ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಲೋಕವು ಓದಿದ ಕಥೆಯು ಬಹುಮಟ್ಟಿಗೆ ಅದೇ. ಅದರಲ್ಲಿ ವೆಂಕಟಪ್ಪ ನಾಯಕನು ಒಳ್ಳೆಯ ಹುಡುಗ, ಕೆಟ್ಟವರ ಮಾತಿಗೆ ಕಿವಿಗೊಟ್ಟು ಹಾಳಾದವನು. ಮಕ್ಕಳು ತಮ್ಮ ಇಷ್ಟದಂತೆ ನಡೆಯದಿದ್ದಾಗ ಎಲ್ಲ ತಂದೆಯರೂ ಹೇಳುವ ಮಾತು ಇದೇ ಅಲ್ಲವೆ? ಸುರಪುರದ ಜನರ ನೆನಪಿನಲ್ಲಿ ಅದೇ ತರುಣನು ಪರರ ಆಳಿಕೆಗೆ ಎದುರುನಿಂತ ವೀರನು. ಆ ಅಪ್ಪನ ಪ್ರೀತಿಯೂ ಸುಳ್ಳಲ್ಲ, ಆ ಮಗನ ದಂಗೆಯೂ ತಪ್ಪಲ್ಲ. ಕಂಪನಿಯ ಅಧಿಕಾರಿಗೆ ತನ್ನ ಪ್ರೀತಿಯನ್ನೂ ಕಂಪನಿಯ ಹಿತವನ್ನೂ ಬೇರ್ಪಡಿಸಲು ಆಗಲಿಲ್ಲ. ಆ ಮನೆತನದಲ್ಲಿ ಹುಟ್ಟಿದವನಿಗೆ ಅಪ್ಪನೊಬ್ಬನಿಗಾಗಿ ನಾಡನ್ನು ಮರೆಯಲು ಆಗಲಿಲ್ಲ. ಪೂರುವಿನಂತೆ ವೆಂಕಟಪ್ಪ ನಾಯಕನೂ ಇನ್ನೊಬ್ಬರ ಕಥೆಯೊಳಗಿನ ಪಾತ್ರವಾಗಿಯೇ ಗ್ರಂಥಗಳಲ್ಲಿ ಉಳಿದನು. ಈ ಕಥೆಯನ್ನು ರಂಗಕ್ಕೆ ತರುವವರು ಟೇಲರನನ್ನು ಖಳನನ್ನಾಗಿ ಮಾಡಿದರೆ ಕೆಲಸವು ಸುಲಭವಾದೀತು, ನಾಟಕವು ಸೊರಗೀತು. ಸೆರೆಮನೆಯಲ್ಲಿ ಆ ಇಬ್ಬರನ್ನೂ ಎದುರುಬದುರಾಗಿ ಕೂಡಿಸಿ, ಇಬ್ಬರಿಗೂ ಸಮನಾಗಿ ಮಾತು ಕೊಡುವುದೇ ಅದರ ನ್ಯಾಯ.

ಹಿಂದಿನ ತೈತ್ತಿರೀಯದ ಮಾತಿಗೆ ಮರಳಿದರೆ, ಪಿತೃಋಣವೆಂಬುದು ಸುಳ್ಳಲ್ಲ. ಹೆತ್ತು ಸಾಕಿದವರಿಗೆ ಮಗನು ಋಣಿಯೇ. ಆದರೆ ಅದರ ಪಕ್ಕದಲ್ಲಿ ಪುತ್ರಋಣವೆಂಬ ಇನ್ನೊಂದು ಬಾಬನ್ನು ಬರೆಯಬೇಕೆಂಬುದನ್ನು ಈ ನಾಟಕಗಳೂ ಈ ಚರಿತ್ರೆಯೂ ತಿಳಿಸುತ್ತವೆ. ಅಜೀಗರ್ತನು ಬಡತನದಿಂದ, ಯಯಾತಿಯು ಆಶೆಯಿಂದ, ಬಿಜ್ಜಳನು ತಾತ್ಸಾರದಿಂದ, ಟೇಲರನು ಪ್ರೀತಿಯಿಂದಲೇ ಆ ಋಣವನ್ನು ತೀರಿಸದೆ ಹೋದರು. ಅದು ಹಣದಿಂದಲೂ ವಿದ್ಯೆಯಿಂದಲೂ ತೀರುವ ಋಣವಲ್ಲ. ಮಗನು ಒಲ್ಲೆನೆಂದಾಗ ಆ ಮಾತನ್ನು ಕಡೆಯವರೆಗೂ ಕೇಳುವುದರಿಂದ ತೀರುವಂಥದು. ಇಂದಿಗೂ ಫಲಿತಾಂಶದ ದಿನ ಮಗನು ಪಡೆದ ಅಂಕಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕುಳಿತ ತಂದೆಯರು ಊರೂರಿನಲ್ಲಿ ಇದ್ದಾರೆ. ಅವರೆದುರಿಗೆ ತಲೆ ತಗ್ಗಿಸಿ ನಿಂತ ಹುಡುಗನು ಏನನ್ನೋ ಹೇಳಬೇಕೆಂದು ಬಾಯಿ ತೆರೆಯುತ್ತಿರುತ್ತಾನೆ. ಪಟ್ಟಿಯನ್ನು ಒಂದು ಗಳಿಗೆ ಕೆಳಗಿಟ್ಟು ಅವನ ಕಡೆಗೆ ಕಿವಿಗೊಟ್ಟರೆ ಆ ಋಣದ ಮೊದಲ ಕಂತು ಸಂದಾಯವಾದಂತೆ.